ಕೊರಿಯದ ಕಾಲ್ಚೆಂಡೂ ಸೋಲಿನ ಲೆಕ್ಕವೂ

2025ನೆಯ ಇಸವಿಯ ಜೂನ್ 5ರಂದು ಇರಾಕಿನ ಬಸ್ರಾ ನಗರದಲ್ಲಿ ದಕ್ಷಿಣ ಕೊರಿಯದ ಕಾಲ್ಚೆಂಡು ತಂಡವು ಆತಿಥೇಯರನ್ನು 2-0 ಗೋಲುಗಳಿಂದ ಸೋಲಿಸಿ 2026ರ ವಿಶ್ವಕಪ್ ಪಂದ್ಯಾವಳಿಗೆ ಅರ್ಹತೆಯನ್ನು ಪಡೆಯಿತು. 1986ರಿಂದ ಮೊದಲುಗೊಂಡು ಒಂದನ್ನೂ ತಪ್ಪದೆ ಹನ್ನೊಂದು ಸಲ ಅರ್ಹವಾದ ದೇಶವು ಏಷ್ಯಾ ಖಂಡದಲ್ಲಿ ಮತ್ತೊಂದಿಲ್ಲ. ಇಷ್ಟಾದರೂ ಆ ದೇಶದ ಜನರಿಗೆ ತಮ್ಮ ತಂಡದ ತರಬೇತುದಾರರಾದ ಹಾಂಗ್ ಮ್ಯುಂಗ್-ಬೋ ಅವರ ಮೇಲಿನ ಅಸಮಾಧಾನವು ಸುಲಭವಾಗಿ ತಣಿಯಲಿಲ್ಲ. 2024ರ ಜುಲೈಯಲ್ಲಿ ಅವರನ್ನು ನೇಮಿಸಿದ ಕ್ರಮವು ನ್ಯಾಯವಾದುದಲ್ಲವೆಂಬ ಕೂಗೆದ್ದು, ಸೆಪ್ಟೆಂಬರಿನಲ್ಲಿ ಸೋಲ್ ನಗರದ ಕ್ರೀಡಾಂಗಣದಲ್ಲಿ ಸ್ವಂತ ಜನರೇ ಅವರನ್ನು ಮೂದಲಿಸಿದರು. ರಾಷ್ಟ್ರಸಭೆಯು ಅವರನ್ನೂ ಕಾಲ್ಚೆಂಡು ಸಂಘದ ಮುಖ್ಯಸ್ಥರನ್ನೂ ಕರೆಯಿಸಿ ಪ್ರಶ್ನಿಸಿತು. ಇದಕ್ಕೆ ಹಿಂದೆ 2014ರಲ್ಲಿ ಇವರ ಕೈಕೆಳಗಿನ ತಂಡವು ಬ್ರೆಜಿಲಿನಿಂದ ಒಂದು ಪಂದ್ಯವನ್ನೂ ಗೆಲ್ಲದೆ ಮರಳಿದಾಗ, ವಿಮಾನ ನಿಲ್ದಾಣದಲ್ಲಿ ಆಟಗಾರರ ಮೇಲೆ ಮಿಠಾಯಿಯ ತುಂಡುಗಳು ಬಿದ್ದಿದ್ದುವು. ಆ ನಾಡಿನಲ್ಲಿ ಮಿಠಾಯಿ ತಿನ್ನೆಂಬುದು ಬೈಗುಳ.

ನೇಮಕದ ಕ್ರಮವನ್ನು ಪ್ರಶ್ನಿಸುವುದು ಪ್ರಜೆಗಳ ಹಕ್ಕು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಸಾರ್ವಜನಿಕ ಸಂಸ್ಥೆಯೊಂದು ಮುಚ್ಚಿದ ಬಾಗಿಲ ಹಿಂದೆ ಅಧಿಕಾರವನ್ನು ಹಂಚಿದರೆ ಅದು ಕಾಲ್ಚೆಂಡಿನದಾದರೇನು, ಪುರಸಭೆಯದಾದರೇನು? ಆದರೆ ತರಬೇತುದಾರನ ಯೋಗ್ಯತೆಯನ್ನು ಗೋಲಿನ ಲೆಕ್ಕವೊಂದರಿಂದಲೇ ಅಳೆಯಬಹುದೆ ಎಂಬುದು ಬೇರೆಯ ಪ್ರಶ್ನೆ. ಈ ಅಳತೆಯನ್ನೇ ಹಿಡಿದರೆ, ಕೊರಿಯವನ್ನು ಮೊತ್ತಮೊದಲು ವಿಶ್ವಕಪ್ಪಿಗೆ ಕರೆದೊಯ್ದ ಕಿಮ್ ಯೊಂಗ್-ಸಿಕ್ ಅವರಷ್ಟು ನಿಷ್ಪ್ರಯೋಜಕರು ಮತ್ತೊಬ್ಬರಿಲ್ಲ. ಅವರ ತಂಡವು ಆಡಿದ ಪಂದ್ಯಗಳು ಎರಡು, ಪಡೆದ ಗೋಲು ಸೊನ್ನೆ, ಕೊಟ್ಟವು ಹದಿನಾರು. ಹೀಗಿದ್ದೂ 2005ರಲ್ಲಿ ಕೊರಿಯದ ಕಾಲ್ಚೆಂಡು ಸಂಘವು ತನ್ನ ಕೀರ್ತಿಮಂದಿರದಲ್ಲಿ ಮೊದಲ ಸಾಲಿಗೆ ಆರಿಸಿದ ಹೆಸರುಗಳಲ್ಲಿ ಅವರದೂ ಒಂದು. ಇದರ ಕಾರಣವನ್ನು ತಿಳಿಯಬೇಕಾದರೆ ಅವರ ಜೀವನವನ್ನು ಮೊದಲಿಂದ ನೋಡಬೇಕು.

ಕಿಮ್ ಮಹಾಶಯರು ಹುಟ್ಟಿದುದು 1910ರ ಜುಲೈಯಲ್ಲಿ. ಮರುತಿಂಗಳೇ ಜಪಾನು ಕೊರಿಯವನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿತು. ಹೀಗೆ ಅವರು ಕಣ್ಣು ತೆರೆಯುವಷ್ಟರಲ್ಲಿಯೇ ದೇಶವು ಪರಾಧೀನವಾಗಿದ್ದಿತು. ವಿದ್ಯಾರ್ಥಿಗಳ ಚಳವಳಿಯಲ್ಲಿ ಸೇರಿದುದಕ್ಕಾಗಿ ಶಾಲೆಯಿಂದ ಹೊರಗಾದ ತರುಣರಲ್ಲಿ ಅವರೂ ಒಬ್ಬರು. 1935ರಲ್ಲಿ ಅವರಿದ್ದ ಕ್ಯುಂಗ್ಸುಂಗ್ ತಂಡವು (ಅಂದಿನ ಸೋಲ್ ನಗರದ ಹೆಸರು ಅದು) ಟೋಕಿಯೋಗೆ ಹೋಗಿ ಅಖಿಲ ಜಪಾನ್ ಪಂದ್ಯಾವಳಿಯಲ್ಲಿ ಗೆದ್ದು ಬಂದಿತು. ಆಳುವವರ ರಾಜಧಾನಿಯಲ್ಲಿ ಆಳಿಸಿಕೊಳ್ಳುವವರು ಪಡೆದ ಈ ಜಯವನ್ನು ಕೊರಿಯದ ಜನ ಹೇಗೆ ಕೊಂಡಾಡಿರಬೇಕೆಂಬುದನ್ನು ನಮ್ಮ ವಾಚಕರಿಗೆ ಬೇರೆ ಹೇಳಬೇಕಾದುದಿಲ್ಲ. ಆದರೆ ಮರುವರ್ಷ ಬರ್ಲಿನ್ ಒಲಿಂಪಿಕ್ ಕೂಟಕ್ಕೆ ಜಪಾನಿನ ತಂಡವನ್ನು ಆರಿಸುವಾಗ ಗೆದ್ದ ನಾಡಿನಿಂದ ಕರೆದುದು ಇಬ್ಬರನ್ನು ಮಾತ್ರ. ಅವರಲ್ಲೊಬ್ಬರು ಹಿಂದೆ ಸರಿದರು. ಕಿಮ್ ಒಬ್ಬರೇ ಹೋದರು.

1936ರ ಆಗಸ್ಟ್ 4ರಂದು ಬರ್ಲಿನ್ನಿನಲ್ಲಿ ನಡೆದ ಪಂದ್ಯವನ್ನು ಜಪಾನೀಯರು ಇಂದಿಗೂ ಬರ್ಲಿನ್ನಿನ ಪವಾಡವೆಂದು ಕರೆಯುತ್ತಾರೆ. ಬಲಿಷ್ಠವಾದ ಸ್ವೀಡನ್ ತಂಡವು ಮೊದಲರ್ಧದಲ್ಲಿ 2-0 ಮುಂದಿದ್ದಿತು. ಉತ್ತರಾರ್ಧದಲ್ಲಿ ಜಪಾನು ಮೂರು ಗೋಲು ಹೊಡೆದು 3-2ರಿಂದ ಗೆದ್ದಿತು. ಗೆದ್ದವರ ಮಧ್ಯಪಂಕ್ತಿಯಲ್ಲಿ ದುಡಿದವರು ಕಿಮ್. ಐದು ದಿನಗಳ ಮೇಲೆ ಅದೇ ನಗರದಲ್ಲಿ ಸೋನ್ ಕೀ-ಚುಂಗ್ ಎಂಬ ಕೊರಿಯದ ತರುಣನು ಮ್ಯಾರಥಾನ್ ಓಟವನ್ನು ಗೆದ್ದು, ಎದೆಯ ಮೇಲೆ ಪರರ ಸೂರ್ಯಚಿಹ್ನೆಯನ್ನು ಹೊತ್ತು ತಲೆ ತಗ್ಗಿಸಿ ನಿಂತನು. ಆ ಚಿಹ್ನೆಯನ್ನು ಅಳಿಸಿ ಚಿತ್ರವನ್ನು ಅಚ್ಚುಮಾಡಿದ ಸೋಲ್ ನಗರದ ‘ದೋಂಗಾ’ ಪತ್ರಿಕೆಯನ್ನು ಸರಕಾರವು ತಿಂಗಳುಗಟ್ಟಲೆ ಮುಚ್ಚಿಸಿತು. ಪತ್ರಿಕಾವೃತ್ತಿಯವರಾದ ನಮಗೆ ಈ ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.

ಕಿಮ್ ಅವರು ಪರರ ಬಾವುಟದ ಕೆಳಗೆ ಆಡಬಹುದಿತ್ತೆ? ಹಿಂದೆ ಸರಿದವರನ್ನು ನಾವು ಗೌರವಿಸುತ್ತೇವೆ. ಹೋದವರನ್ನು ದೂಷಿಸುವ ಧೈರ್ಯ ಮಾತ್ರ ನಮಗಿಲ್ಲ. ಅದೇ ಬರ್ಲಿನ್ನಿನಲ್ಲಿ ಧ್ಯಾನ್‌ಚಂದರ ತಂಡವು ಜರ್ಮನಿಯನ್ನು 8-1ರಿಂದ ಸೋಲಿಸಿದಾಗ ಮೇಲೆ ಹಾರಿದುದು ನಮ್ಮ ತ್ರಿವರ್ಣ ಧ್ವಜವಲ್ಲ. ಪರಸರಕಾರದ ಕಚೇರಿಗಳಲ್ಲಿ ಲೇಖನಿ ಹಿಡಿದು ಸಂಸಾರ ನಡೆಯಿಸಿದವರ ಮಕ್ಕಳು ಮೊಮ್ಮಕ್ಕಳಾದ ನಾವು, ವಿದ್ಯೆಯನ್ನು ಸಂಪಾದಿಸಲು ಬೇರೆ ಅಂಗಳವೇ ಇಲ್ಲದವನನ್ನು ಯಾವ ಬಾಯಿಂದ ಪ್ರಶ್ನಿಸೋಣ? ಆ ವಿದ್ಯೆಯನ್ನು ಅವನು ಯಾರ ಮನೆಗೆ ತಂದನೆಂಬುದನ್ನಷ್ಟೆ ಕೇಳಬಹುದು.

ತಂದುದು ತನ್ನ ಮನೆಗೇ. 1948ರ ಲಂಡನ್ ಕೂಟಕ್ಕೆ ಕೊರಿಯರು ತಮ್ಮ ಸ್ವಂತ ಧ್ವಜದೊಡನೆ ಹೋದರು. ರೈಲು, ಹಡಗು, ವಿಮಾನಗಳಲ್ಲಿ ಸುಮಾರು ಮೂರು ವಾರಗಳ ಪ್ರಯಾಣ. ಗಣರಾಜ್ಯವು ಘೋಷಿತವಾದುದು ಆಗಸ್ಟ್ 15ರಂದು. ಪಂದ್ಯಗಳು ಅದಕ್ಕೂ ಮುಂಚೆ! ಸರಕಾರವು ಹುಟ್ಟುವ ಮೊದಲೇ ತಂಡವು ಹುಟ್ಟಿದ್ದಿತು. ಮೂವತ್ತೆಂಟು ವಯಸ್ಸಿನ ಕಿಮ್ ಆ ತಂಡದಲ್ಲಿ ಆಡಿದರು. ಆಗಸ್ಟ್ 2ರಂದು ಮೆಕ್ಸಿಕೋ ದೇಶವನ್ನು 5-3ರಿಂದ ಸೋಲಿಸಿದರು. 5ರಂದು ಎದುರಾದವರು ಮತ್ತೆ ಸ್ವೀಡನ್ನರು. ಹನ್ನೆರಡು ವರ್ಷಗಳ ಹಿಂದೆ ಪರರ ಅಂಗಿ ತೊಟ್ಟು ಯಾರನ್ನು ಸೋಲಿಸಿದ್ದರೋ ಅದೇ ದೇಶ. ಈ ಸಲ ಫಲಿತಾಂಶವು 12-0. ಯುದ್ಧದಲ್ಲಿ ತಟಸ್ಥವಾಗಿದ್ದು ತನ್ನ ಕ್ರೀಡಾಂಗಣಗಳನ್ನೂ ತರುಣರನ್ನೂ ಉಳಿಸಿಕೊಂಡಿದ್ದ ಸ್ವೀಡನ್ನು ಆ ವರ್ಷ ಸುವರ್ಣಪದಕವನ್ನೇ ಗೆದ್ದಿತು. ಮೂವತ್ತೈದು ವರ್ಷ ಪರರ ಆಳಿಕೆಯಲ್ಲಿ ಸೊರಗಿ, ಎರಡು ಹೋಳಾಗಿ ನಿಂತಿದ್ದ ಕೊರಿಯಕ್ಕೆ ಹೊಸ ಹೆಸರೊಂದನ್ನು ಬಿಟ್ಟು ಬೇರೇನಿದ್ದಿತು? ಬರ್ಲಿನ್ನಿನ ಜಯವು ಇಂದಿಗೂ ಜಪಾನಿನ ಲೆಕ್ಕದಲ್ಲಿದೆ. ಲಂಡನ್ನಿನ ಹನ್ನೆರಡು ಗೋಲುಗಳು ಕೊರಿಯದ ಲೆಕ್ಕದಲ್ಲಿವೆ. ಎರಡನ್ನೂ ಕಂಡ ಮನುಷ್ಯನೊಬ್ಬನೇ.

ಆ ಕೂಟದಲ್ಲಿಯೇ ಜುಲೈ 31ರಂದು ಸ್ವತಂತ್ರ ಭಾರತದ ತಂಡವು ಬಹುಮಟ್ಟಿಗೆ ಬರಿಗಾಲಿನಲ್ಲಿ ಆಡಿ ಫ್ರಾನ್ಸಿಗೆ 2-1ರಿಂದ ಸೋತಿತು. ನಮ್ಮ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಂದು ನಾವು ಕೊರಿಯರಿಗಿಂತ ಕೆಳಗಿರಲಿಲ್ಲ. ಆದರೆ 1950ರಲ್ಲಿ ಇತರರು ಬಿಟ್ಟುಕೊಟ್ಟುದರಿಂದ ವಿಶ್ವಕಪ್ಪಿನ ಬಾಗಿಲು ತಾನಾಗಿ ತೆರೆದಾಗ ಭಾರತವು ಹೋಗಲಿಲ್ಲ. ಕೊರಿಯವು 1954ರಲ್ಲಿ ಹೋಯಿತು. ತನ್ನ ನೆಲದ ಮೇಲೆ ಜಪಾನಿನ ತಂಡವು ಕಾಲಿಡಕೂಡದೆಂದು ರಾಷ್ಟ್ರಾಧ್ಯಕ್ಷ ಸಿಂಗ್ಮನ್ ರೀ ಹಟ ಹಿಡಿದುದರಿಂದ ಎರಡು ಅರ್ಹತಾ ಪಂದ್ಯಗಳೂ ಟೋಕಿಯೋದಲ್ಲಿಯೇ ನಡೆದುವು. 5-1ರಿಂದ ಗೆದ್ದು, 2-2ರಿಂದ ಸಮಮಾಡಿಕೊಂಡು ಕೊರಿಯವು ಸ್ವಿಟ್ಜರ್‌ಲೆಂಡಿಗೆ ಹೊರಟಿತು. ಅಲ್ಲಿ ತಂಡದ ಹೊಣೆಯು ಕಿಮ್ ಅವರದು.

ಅಂತರ್ಯುದ್ಧವು ನಿಂತು ವರ್ಷವೂ ತುಂಬಿರಲಿಲ್ಲ. ಅಮೆರಿಕದ ಸೈನ್ಯದ ವಿಮಾನಗಳನ್ನು ಆಶ್ರಯಿಸಿ, ದಾರಿಯಲ್ಲಿ ಕಾದು ಬಸವಳಿದು, ಪಂದ್ಯದ ಸಮಯ ಸಮೀಪಿಸಿದಾಗ ತಂಡವು ಸೇರಿತು. ಎದುರಿಗೆ ಪುಸ್ಕಾಸರ ಹಂಗೇರಿ. ಅದಕ್ಕೆ ಏಳು ತಿಂಗಳ ಹಿಂದೆ ಇಂಗ್ಲೆಂಡನ್ನು ಅವರದೇ ವೆಂಬ್ಲಿಯಲ್ಲಿ 6-3ರಿಂದ ಮಣಿಸಿದ ತಂಡ. ಜೂನ್ 17ರಂದು ಜೂರಿಚಿನಲ್ಲಿ ಕೊರಿಯವು 9-0ರಿಂದ ಸೋತಿತು. 20ರಂದು ಜಿನೀವಾದಲ್ಲಿ ತುರ್ಕಿಗೆ 7-0ರಿಂದ. ಅದೇ ಹಂಗೇರಿಯು ಆ ವಾರದಲ್ಲಿಯೇ ಪಶ್ಚಿಮ ಜರ್ಮನಿಗೆ 8 ಗೋಲು ಹೊಡೆಯಿತೆಂಬುದನ್ನೂ, ಕೊನೆಗೆ ಕಪ್ಪನ್ನು ಗೆದ್ದುದು ಆ ಜರ್ಮನಿಯೇ ಎಂಬುದನ್ನೂ ನೆನೆದರೆ ಒಂಬತ್ತೆಂಬ ಸಂಖ್ಯೆಯು ಅಷ್ಟು ಭಯಂಕರವಾಗಿ ಕಾಣದು.

ಹೋಗಿ ಸೋತುದರಿಂದಲೇ ಕೊರಿಯವು ಮುಂದೆ ಬಂದಿತೆಂದು ನಾವು ಹೇಳಹೊರಟಿಲ್ಲ. ಅದು ಅತಿಸುಲಭದ ಮಾತಾದೀತು. ಆ ಮೇಲೆ ವಿಶ್ವಕಪ್ಪಿನ ಮುಖವನ್ನು ಕಾಣಲು ಅವರಿಗೆ ಮೂವತ್ತೆರಡು ವರ್ಷ ಹಿಡಿಯಿತು. ನಡುವೆ 1962ರಲ್ಲಿ ಜಕಾರ್ತಾದ ಏಷ್ಯಾ ಕೂಟದ ಅಂತಿಮ ಪಂದ್ಯದಲ್ಲಿ ನಮ್ಮವರೇ ಅವರನ್ನು 2-1ರಿಂದ ಸೋಲಿಸಿದ್ದುಂಟು. ಭೇದವಿರುವುದು ಸೋತ ಮೇಲಿನ ಕೆಲಸದಲ್ಲಿ. ನಮ್ಮಲ್ಲಿ ಜಕಾರ್ತಾದ ಜಯವು ನೆನಪಾಗಿ ಉಳಿಯಿತು. ಅವರಲ್ಲಿ ವೃತ್ತಿ ತಂಡಗಳೂ 1983ರಲ್ಲಿ ಅವುಗಳ ಲೀಗೂ ಹುಟ್ಟಿದುವು. 1980ರ ಕೊನೆಯಲ್ಲಿ ಮೊದಲ ವೃತ್ತಿ ತಂಡವಾದ ‘ಹಲ್ಲೆಲೂಯಾ’ ಸ್ಥಾಪಿತವಾದಾಗ ಅದರ ತರಬೇತಿಗೆ ಕರೆದುದು ಎಪ್ಪತ್ತರ ಮುದುಕರಾದ ಕಿಮ್ ಅವರನ್ನೇ. ಹದಿನಾರು ಗೋಲುಗಳ ಲೆಕ್ಕವನ್ನು ಆಗ ಯಾರೂ ಎತ್ತಿ ಆಡಿದಂತೆ ಕಾಣುವುದಿಲ್ಲ.

ಅವರು 1985ರ ಮಾರ್ಚಿನಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರ್ 3ರಂದು ಸೋಲ್ ನಗರದಲ್ಲಿ ಕೊರಿಯವು 1-0ರಿಂದ ಗೆದ್ದು ಮೆಕ್ಸಿಕೋದ ವಿಶ್ವಕಪ್ಪಿಗೆ ಅರ್ಹವಾಯಿತು. ಎದುರಾಳಿ ಜಪಾನು, ಈ ಸಲ ಅವರನ್ನು ಒಳಗೆ ಬಿಟ್ಟುಕೊಂಡಿದ್ದರು.