ಹಳೆಯ ಕಾರಿನ ಇಂಧನ ವ್ಯವಸ್ಥೆ: ಮಿತವ್ಯಯ ಎಲ್ಲಿ ಸಲ್ಲದು?

ಲೆಕ್ಕಪರಿಶೋಧಕನು ಕಾರಿನ ಇಂಧನ ವ್ಯವಸ್ಥೆಯನ್ನು ಕುರಿತು ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಸದಸ್ಯರಲ್ಲಿ ಹಲವರ ಮನೆಗಳಲ್ಲಿ ಹಿರಿಯರ ಕಾಲದ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಇಂದಿಗೂ ಇದೆ. ಅದರ ಬಿಡಿಭಾಗಗಳನ್ನು ಮಾರುವವರೂ ನಮ್ಮಲ್ಲಿದ್ದಾರೆ.

ನಮ್ಮ ತಂದೆಯವರ ಪದ್ಮಿನಿಯನ್ನು ನಾನು ಉಳಿಸಿಕೊಂಡಿದ್ದೇನೆ. ಅದರ ಮೂಲ ಪಂಪ್ ಕೆಟ್ಟಾಗ ಮೆಕ್ಯಾನಿಕರೊಬ್ಬರು ವಿದ್ಯುತ್ ಪಂಪ್ ಅಳವಡಿಸಿ, ತಂತಿಯನ್ನು ನೇರವಾಗಿ ಇಗ್ನಿಷನ್‌ಗೆ ಜೋಡಿಸಿದ್ದರು. ಒಂದು ಸಂಜೆ ರಸ್ತೆಯಲ್ಲಿ ಎಂಜಿನ್ ನಿಂತಿತು, ಪಂಪ್ ನಿಲ್ಲಲಿಲ್ಲ. ಬಿರುಕುಬಿಟ್ಟ ರಬ್ಬರ್ ಕೊಳವೆಯಿಂದ ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ಸುರಿಯುತ್ತಿತ್ತು. ವಾಸನೆ ಬಂದೊಡನೆ ಕೀಲಿ ತಿರುಗಿಸಿದ್ದರಿಂದ ಅನಾಹುತ ತಪ್ಪಿತು. ಅನಂತರ ಬಿಲ್ಲನ್ನು ಹುಡುಕಿ ನೋಡಿದೆ. ‘ರಬ್ಬರ್ ಪೈಪ್, ಒಂದು ಮೀಟರ್’ ಎಂದಷ್ಟೇ ಬರೆದಿತ್ತು.

ಯಾಂತ್ರಿಕ ಪಂಪ್ ಎಂಜಿನ್ನಿನ ಚಲನೆಯಿಂದಲೇ ನಡೆಯುವುದರಿಂದ ಎಂಜಿನ್ ನಿಂತರೆ ತಾನೂ ನಿಲ್ಲುತ್ತದೆ. ವಿದ್ಯುತ್ ಪಂಪಿಗೆ ಈ ಗುಣವನ್ನು ನಾವೇ ಒದಗಿಸಬೇಕು: ಎಂಜಿನ್ ನಿಂತೊಡನೆ ವಿದ್ಯುತ್ ಕಡಿಯುವ ರಿಲೇ, ಡಿಕ್ಕಿಯ ಹೊಡೆತಕ್ಕೆ ಕಡಿಯುವ ಇನರ್ಷಿಯಾ ಸ್ವಿಚ್, ಜೊತೆಗೊಂದು ಫ್ಯೂಸ್. ಪಂಪ್ ದೊಡ್ಡದಾದಷ್ಟೂ ಒಳ್ಳೆಯದೆಂಬುದು ತಪ್ಪು ಕಲ್ಪನೆ. ಕಾರ್ಬುರೇಟರಿಗೆ ಸಾಮಾನ್ಯವಾಗಿ ಚದರ ಅಂಗುಲಕ್ಕೆ 2ರಿಂದ 4 ಪೌಂಡ್ ಒತ್ತಡ ಸಾಕು. ಇಂಜೆಕ್ಷನ್ ಕಾರಿನ ಪಂಪ್ 40 ಪೌಂಡ್‌ಗೂ ಮಿಗಿಲಾದ ಒತ್ತಡ ಕೊಡಬಲ್ಲದು; ಅದನ್ನು ಇಲ್ಲಿ ಜೋಡಿಸಿದರೆ ಕಾರ್ಬುರೇಟರ್ ತುಂಬಿ ಹರಿಯುತ್ತದೆ.

ಇದರ ಮೇಲೆ ಇಂಧನವೂ ಬದಲಾಗಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಪೆಟ್ರೋಲಿಗೆ ಚಾಲನೆ ದೊರೆಯಿತು. 2025ರಲ್ಲಿ ದೇಶವು ಶೇ. 20ರ ಎಥನಾಲ್ ಮಿಶ್ರಣದ ಗುರಿಯನ್ನು ತಲುಪಿತು. ಕಬ್ಬು, ಮೆಕ್ಕೆಜೋಳ ಬೆಳೆಯುವ ನಮ್ಮ ನಾಡಿಗೆ ಇದರಿಂದ ಲಾಭವುಂಟು. ಆದರೆ ಎಥನಾಲ್ ತೇವವನ್ನು ಹೀರುತ್ತದೆ. ಉಕ್ಕಿನ ಟ್ಯಾಂಕಿಗೆ ತುಕ್ಕು ತರುತ್ತದೆ. ಹಳೆಯ ಜಿಡ್ಡನ್ನು ಕರಗಿಸಿ ಫಿಲ್ಟರ್ ಕಟ್ಟಿಸುತ್ತದೆ. ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಸಡಿಲಗೊಳಿಸುತ್ತದೆ. ಆದ್ದರಿಂದ ಎಥನಾಲ್ ತಡೆಯುವ ಒಳಪದರವುಳ್ಳ, ಎಸ್‌ಎಇ ಜೆ30 ಆರ್9 ಎಂದು ಮೈಮೇಲೆ ಮುದ್ರಿತವಾದ ಕೊಳವೆಯನ್ನೇ ಕೇಳಿ ಪಡೆಯಬೇಕು. ಕೊಳವೆಯನ್ನು ಕೊಯ್ಯದ, ಅಂಚು ಮಡಿಚಿದ ಕ್ಲಿಪ್ಪುಗಳನ್ನು ಬಳಸಬೇಕು.

ಇನ್ನು ನನ್ನ ವೃತ್ತಿಯ ಮಾತು. ಕಾರಿನ ಸವಕಳಿಯನ್ನು ನಾವು ಪುಸ್ತಕದಲ್ಲಿ ಬರೆಯುತ್ತೇವೆ. ರಬ್ಬರಿನ ಸವಕಳಿಯನ್ನು ಯಾವ ಪುಸ್ತಕವೂ ತೋರಿಸದು. ಕೊಳವೆ ಬದಲಿಸಿದ ದಿನಾಂಕವನ್ನು ಬರೆದಿಡಿ; ಐದು ವರ್ಷಕ್ಕೊಮ್ಮೆ, ಚೆನ್ನಾಗಿ ಕಂಡರೂ, ಬದಲಿಸಿ. ಹಳೆಯ ಕಾರೆಂದು ತೃತೀಯ ಪಕ್ಷದ ವಿಮೆಯನ್ನಷ್ಟೇ ಮಾಡಿಸಿರುವವರು ನೆನಪಿಡಬೇಕು: ಬೆಂಕಿಯಲ್ಲಿ ಸ್ವಂತ ಕಾರು ಸುಟ್ಟರೆ ಆ ಪಾಲಿಸಿಯಿಂದ ಒಂದು ರೂಪಾಯಿಯೂ ಬಾರದು.

ಬಿಡಿಭಾಗಗಳ ವ್ಯಾಪಾರಿ ಮಿತ್ರರಲ್ಲಿ ನನ್ನದೊಂದು ವಿನಂತಿ. ಇಂಧನ ಕೊಳವೆಯನ್ನು ಮಾರುವಾಗ ಅದರ ಮಾನಕವನ್ನು ಬಿಲ್ಲಿನಲ್ಲಿ ನಮೂದಿಸಿ; ಮಾನಕವಿಲ್ಲದ ಕೊಳವೆಯನ್ನು ಪೆಟ್ರೋಲಿಗೆಂದು ಮಾರಬೇಡಿ. ಗಿರಾಕಿ ಬೆಲೆ ಹೆಚ್ಚೆಂದು ಗೊಣಗಬಹುದು. ನಾನೂ ಅಂದು ಗೊಣಗಿ, ಅಗ್ಗದ್ದನ್ನೇ ಹಾಕಿಸಿದ್ದೆ.