ಬೆಟ್ಟ ಹತ್ತುವವರು ಬರಲಿ, ಬೆಟ್ಟದ ರೀತಿ ತಿಳಿದು ಬರಲಿ



"ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ" ಎಂಬುದು ನಮ್ಮ ಸೀಮೆಯ ಹಳೆಯ ಮಾತು. ಗೋಕರ್ಣದ ಪೂಜೆ ದಕ್ಷಿಣೆಗೆ ಹಣ ಬೇಕು, ಯಾಣದ ಕಾಡುದಾರಿಗೆ ಮೈಯಲ್ಲಿ ಕಸುವು ಬೇಕು ಎಂದು ಅದರ ತಾತ್ಪರ್ಯ. ಈಗ ಎರಡೂ ಉಳ್ಳವರು ಬೆನ್ನಿಗೆ ಚೀಲ ಕಟ್ಟಿ ಯಾಣಕ್ಕೇ ಬರುತ್ತಿದ್ದಾರೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರಗಳನ್ನು ನೋಡಿ ಸಂಜೆಯೊಳಗೆ ಇಳಿಯುವವರು ಹಲವರು. ಕಾಡಿನಲ್ಲೇ ಡೇರೆ ಹೂಡಿ ರಾತ್ರಿ ಕಳೆಯಬೇಕೆನ್ನುವವರು ಕೆಲವರು. ಇದಕ್ಕೆ ಚಾರಣವೆಂಬ ಹೆಸರು ಬಂದಿದೆ.

ಅಡಿಕೆ ಧಾರಣೆ, ಕೊಳೆ ಔಷಧಿಯ ವಿಷಯ ಬರೆಯಬೇಕಾದ ಪತ್ರಿಕೆಯಲ್ಲಿ ಚಾರಣದ ಮಾತೇಕೆ ಎಂದು ತಾವು ಕೇಳಬಹುದು. ಘಟ್ಟದ ಕಾಲುದಾರಿಗಳು ಹಾದುಹೋಗುವುದು ನಮ್ಮ ತೋಟದ ದಣಪೆ, ಸೊಪ್ಪಿನ ಬೆಟ್ಟ, ಅಬ್ಬಿ ನೀರಿನ ಮಗ್ಗುಲಲ್ಲೇ. ಆದ್ದರಿಂದ ಇದು ನಮ್ಮದೇ ವಿಷಯ.

ಘಟ್ಟ ನಡೆಯುವುದು ನಮಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಆ ಹತ್ತಿಗೆ ಕುಮಟಾ ಎಂಬ ಹೆಸರೇ ಬಿದ್ದಿತ್ತು. ಹೇರೆತ್ತುಗಳ ಹಿಂದೆ ನಡೆದವರಿಗೆ ನೀರು ಎಲ್ಲಿದೆ, ಎಲ್ಲಿ ತಂಗಬೇಕು, ಒಲೆಯ ಕೆಂಡವನ್ನು ಹೇಗೆ ಆರಿಸಬೇಕು ಎಂಬುದು ಗೊತ್ತಿತ್ತು. ಇಂದು ಬರುವವರಿಗೆ ಅದು ಗೊತ್ತಿಲ್ಲ. ಹೇಳಬೇಕಾದ ನಾವು ಹೇಳುತ್ತಿಲ್ಲ.

ನಮ್ಮ ಅನುಭವವನ್ನೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಫಾಲ್ಗುಣ ಮಾಸದಲ್ಲಿ ಏಳೆಂಟು ತರುಣರು ಘಟ್ಟದ ಬುಡದಲ್ಲಿರುವ ನಮ್ಮ ತೋಟದ ದಣಪೆ ದಾಟಿ ಮೇಲೆ ಹೋದರು. ಕುಡಿಯಲು ನೀರು ಕೇಳಿದರು, ಕೊಟ್ಟೆವು. ಎಲ್ಲಿಗೆ, ಯಾರ ಜೊತೆ ಎಂದು ಕೇಳಲಿಲ್ಲ. ರಾತ್ರಿ ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಮಲಗಿ, ಬೆಳಿಗ್ಗೆ ಚಹಾ ಕಾಸಿದ ಒಲೆಯನ್ನು ಹಾಗೆಯೇ ಬಿಟ್ಟು ನಡೆದರು. ಮಧ್ಯಾಹ್ನದ ಗಾಳಿಗೆ ದರಕು ಹೊತ್ತಿತು. ನೆರೆಹೊರೆಯವರೆಲ್ಲ ಹಸಿ ಟೊಂಗೆ ಹಿಡಿದು ಬಡಿದು ಆರಿಸುವಷ್ಟರಲ್ಲಿ ಸಂಜೆಯಾಯಿತು. ಆ ವರ್ಷ ಕೊಟ್ಟಿಗೆಗೆ ಹಾಸಲು ದರಕಿಲ್ಲ, ತೋಟಕ್ಕೆ ಸಾಕಷ್ಟು ಗೊಬ್ಬರವಿಲ್ಲ. ಆ ಹುಡುಗರು ಬೇಕೆಂದು ಮಾಡಿದ್ದಲ್ಲ. ನೀರು ಕೊಟ್ಟ ಕೈಯಿಂದಲೇ ಎರಡು ಬುದ್ಧಿಮಾತನ್ನೂ ಕೊಡದಿದ್ದುದು ನಮ್ಮ ತಪ್ಪು.

ನಮ್ಮ ನಷ್ಟ ದರಕಿನಲ್ಲಿ ಮುಗಿಯಿತು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕ ಚಾರಣಿಗರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಒಣಗಿದ ಬೇಣದಲ್ಲಿ ಬೆಂಕಿ ಮನುಷ್ಯನ ಕಾಲಿಗಿಂತ ಬೇಗ ಓಡುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲಿಯೂ ಇದೆ. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಸಾವುಗಳಾದವು. ಅದನ್ನು ಹರಡುವ ಉಣುಗುಗಳ ಹಾವಳಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು. ಚಾರಣಿಗರು ದರಕಿನ ಮೇಲೆ ಹಾಸಿ ಮಲಗುವುದೂ ಅದೇ ತಿಂಗಳುಗಳಲ್ಲಿ. ಉಣುಗು ಕಚ್ಚಿ ಮೂರರಿಂದ ಎಂಟು ದಿನಗಳ ಮೇಲೆ ಜ್ವರ ಬರುತ್ತದೆ. ಅಷ್ಟರಲ್ಲಿ ಆತ ಬೆಂಗಳೂರು ಸೇರಿರುತ್ತಾನೆ. ಕಾಡಿಗೆ ಹೋಗಿದ್ದೆನೆಂದು ಆತ ಹೇಳದಿದ್ದರೆ ಅಲ್ಲಿಯ ವೈದ್ಯರಿಗೆ ಈ ಕಾಯಿಲೆಯ ನೆನಪಾಗುವುದಾದರೂ ಹೇಗೆ? ನಮ್ಮ ಕೊನೆಗೌಡನಿಗೆ ಗೊತ್ತಿರುವ ಈ ಸಂಗತಿ ಬಂದವರಿಗೂ ಗೊತ್ತಾಗಬೇಕು.

ಮಳೆಗಾಲದಲ್ಲಿ ಉಂಬಳ ಕಚ್ಚಿದರೆ ಸಹಿಸಬಹುದು, ಗುಡ್ಡ ಕುಸಿದರೆ ಉಳಿಗಾಲವಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಿದ್ದುದನ್ನು ನಾವ್ಯಾರೂ ಮರೆತಿಲ್ಲ. ಹೀಗಾಗಿ ಮಳೆ ಹಿಂದೆ ಸರಿದ ಮೇಲೆ, ದರಕು ಒಣಗುವ ಮುಂಚೆ, ಅಂದರೆ ದೀಪಾವಳಿಯ ಆಚೀಚಿನ ದಿನಗಳೇ ಬೆಟ್ಟ ನಡೆಯಲು ಯೋಗ್ಯವೆಂದು ನಮ್ಮ ಅಭಿಪ್ರಾಯ.

ಹಾಗಾದರೆ ದಣಪೆಗೆ ಬೀಗ ಹಾಕೋಣವೇ? ಕೆಲವು ಸದಸ್ಯರು ಹಾಗೆನ್ನುತ್ತಾರೆ. ನಾವು ಒಪ್ಪುವುದಿಲ್ಲ. ಬೀಗ ಕಂಡವನು ಬೇಲಿ ಹಾರುತ್ತಾನೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಸರಕಾರ ಮೊದಲು ಚಾರಣ ನಿಲ್ಲಿಸಿತು. ಬಳಿಕ ಅದೇ ವರ್ಷ ಆನ್‌ಲೈನ್ ಮುಂಗಡ ನೋಂದಣಿ ಹಾಗೂ ಒಂದು ಹಾದಿಗೆ ದಿನಕ್ಕೆ 300 ಮಂದಿಯ ಮಿತಿಯನ್ನು ತಂದಿತು. ಇದು ಸರಿಯಾದ ದಾರಿ. ಆದರೆ ಹೆಸರಾದ ಶಿಖರಗಳಿಗೆ ಸಾಲುವ ಈ ನಿಯಮ, ಹೆಸರಿಲ್ಲದ ನಮ್ಮ ಕಾಲುದಾರಿಗಳನ್ನು ಕಾಯಲಾರದು. ಅವನ್ನು ನಾವೇ ಕಾಯಬೇಕು. ಮುಳ್ಳಯ್ಯನಗಿರಿ, ಕುದುರೆಮುಖದ ಆಸುಪಾಸಿನ ಕಾಫಿ ಬೆಳೆಗಾರ ಮಿತ್ರರಿಗೂ ಈ ಮಾತು ಅನ್ವಯಿಸುತ್ತದೆ.

ಮುಂದಿನ ಮಹಾಸಭೆಯ ಮುಂದೆ ನಾವು ಇಡುವ ಸಲಹೆಗಳು ಇಷ್ಟೇ. ಒಂದು, ಅರಣ್ಯ ಇಲಾಖೆಯ ಅನುಮತಿ ಮತ್ತು ಊರಿನ ಒಬ್ಬ ಮಾರ್ಗದರ್ಶಿ ಇಲ್ಲದೆ ಯಾರನ್ನೂ ಮೇಲೆ ಬಿಡಬಾರದು. ಮಾರ್ಗದರ್ಶಿಗೆ ಕೂಲಿ ಮೊದಲೇ ಗೊತ್ತುಮಾಡಬೇಕು. ಎರಡು, ನಡಿಗೆ ಹಗಲಿನದಾಗಲಿ, ರಾತ್ರಿಯ ವಾಸ್ತವ್ಯ ನಮ್ಮ ಜಗುಲಿಯಲ್ಲಾಗಲಿ. ಗಂಜಿ, ಉಪ್ಪಿನಕಾಯಿ, ಮಜ್ಜಿಗೆ ಕೊಟ್ಟು ನ್ಯಾಯವಾದ ದುಡ್ಡು ಪಡೆದರೆ ತಪ್ಪೇನಿಲ್ಲ. ಮೂರು, ಕಾಡಿನಲ್ಲಿ ಒಲೆ ಹೂಡಕೂಡದು. ಕಾದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ನಾಲ್ಕು, ಉಣುಗಿನ ಎಚ್ಚರಿಕೆಯನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಪ್ರತಿಯೊಬ್ಬರ ಕೈಗೂ ಕೊಡಬೇಕು. ಚೀಟಿಯ ಖರ್ಚನ್ನು ಸಂಘ ವಹಿಸಲು ಸಭೆಯ ಒಪ್ಪಿಗೆ ಬೇಕು.

ಕೊನೆಯದಾಗಿ ನಮ್ಮ ಮನೆಯ ಮಾತು. ಹೊಳನಗದ್ದೆಯಂಥ ಊರುಗಳಿಂದ ಹೊರಟು ಪಟ್ಟಣ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿಗೆ ತಮ್ಮ ತೋಟದ ನೀರಿನ ಮೂಲ ಗೊತ್ತು? ಹಬ್ಬಕ್ಕೆ ಬಂದಾಗ ಒಂದು ದಿನ ಅವರನ್ನು ಕರೆದುಕೊಂಡು ಅಬ್ಬಿಯವರೆಗೆ ಹತ್ತಿ ಬನ್ನಿ. ಪರವೂರಿನವರು ದುಡ್ಡು ಕೊಟ್ಟು ನೋಡುವ ಬೆಟ್ಟವನ್ನು ನಮ್ಮ ಮಕ್ಕಳೇ ನೋಡದಿದ್ದರೆ, ನಾಳೆ ಅದನ್ನು ಕಾಯುವವರು ಯಾರು? ಸದಸ್ಯರು ವಿಚಾರ ಮಾಡಬೇಕೆಂದು ನಮ್ಮ ವಿನಂತಿ.

— ಕಾರ್ಯದರ್ಶಿ