ಮಚ್ಚೆಯನ್ನು ಮಾಸಿಸುವ ಬೆಳಕು

ಕೆಲವು ಶಿಶುಗಳು ಮುಖದ ಮೇಲೆ ದ್ರಾಕ್ಷಾರಸ ಚೆಲ್ಲಿದಂತಹ ಕೆಂಪು ಮಚ್ಚೆಯೊಡನೆಯೇ ಹುಟ್ಟುತ್ತವೆ. ಗ್ರಹಣಕಾಲದಲ್ಲಿ ತಾಯಿ ಎಚ್ಚರ ತಪ್ಪಿದ ಫಲವಿದೆಂದು ನೆರೆಹೊರೆಯವರು ಆಡಿಕೊಳ್ಳುವುದುಂಟು. (ಅಂತಹ ನಾಲಗೆಗೆ ಇನ್ನೂ ಚಿಕಿತ್ಸೆ ದೊರೆತಿಲ್ಲ!) ವಾಸ್ತವವಾಗಿ ಅದು ಚರ್ಮದಡಿಯಲ್ಲಿ ಹಿಗ್ಗಿರುವ ಸೂಕ್ಷ್ಮ ರಕ್ತನಾಳಗಳ ಗುರುತು. ವಯಸ್ಸಾದಂತೆ ಅದು ತಾನಾಗಿ ಮಾಸದು, ಕಪ್ಪೇರುತ್ತದೆ.

1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದರು. ಕೆಲವೇ ವರ್ಷಗಳಲ್ಲಿ ಲಿಯೋನ್ ಗೋಲ್ಡ್‌ಮನ್ ಎಂಬ ಚರ್ಮವೈದ್ಯರು ಅದನ್ನು ಚರ್ಮದ ಮೇಲೆ ಪ್ರಯೋಗಿಸಿದರು. ಅನಂತರ ಬಂದ ಆರ್ಗಾನ್ ಲೇಸರು ಮಚ್ಚೆಯನ್ನು ಮಾಸಿಸಿದರೂ ಅನೇಕರಲ್ಲಿ ಸುಟ್ಟ ಗಾಯದ ಕಲೆಯನ್ನುಳಿಸಿತು.

ಇದಕ್ಕೆ ಉಪಾಯವನ್ನು ಆಂಡರ್ಸನ್ ಮತ್ತು ಪ್ಯಾರಿಷ್ ಎಂಬ ವೈದ್ಯರು 1983ರಲ್ಲಿ ಸೂಚಿಸಿದರು. ರಕ್ತವು ಚೆನ್ನಾಗಿ ಹೀರುವ ಬಣ್ಣದ ಬೆಳಕನ್ನೇ ಆರಿಸಬೇಕು; ಕಾವು ಸುತ್ತಲೂ ಹರಡುವ ಮೊದಲೇ, ಕ್ಷಣದ ಅತ್ಯಲ್ಪ ಭಾಗದಲ್ಲಿ, ಬೆಳಕನ್ನು ನಿಲ್ಲಿಸಬೇಕು. ಆಗ ನಾಳ ಬೆಂದರೂ ನೆರೆಯ ಚರ್ಮ ಉಳಿಯುತ್ತದೆ. ಹಲವು ಸಲ ಚಿಕಿತ್ಸೆ ಬೇಕು. ಮಚ್ಚೆ ಪೂರ್ತಿ ಹೋಗದಿರುವುದೂ ಉಂಟು.

ನಮ್ಮವರು ಗಮನಿಸಬೇಕಾದ ಸಂಗತಿಯೊಂದಿದೆ. ಕಂದು ಮೈಯ ಮೇಲ್ಪದರದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯವೂ ಬೆಳಕನ್ನು ಹೀರುತ್ತದೆ. ಬಿಳಿಯ ಮೈಗೆ ಹೊಂದುವ ಪ್ರಮಾಣವನ್ನೇ ಇಲ್ಲಿಯೂ ಹಾಯಿಸಿದರೆ ಬೊಕ್ಕೆಯೇಳಬಹುದು, ಚರ್ಮ ಅಲ್ಲಲ್ಲಿ ಕಪ್ಪಾಗಬಹುದು ಇಲ್ಲವೆ ಬೆಳ್ಳಗಾಗಬಹುದು. ಬೇಡದ ರೋಮವನ್ನು ತೆಗೆಯಿಸಲು ಹೋದವರಿಗೂ ಈ ಅಪಾಯ ತಪ್ಪಿದ್ದಲ್ಲ. 1064 ನ್ಯಾನೋಮೀಟರ್ ತರಂಗಾಂತರದ ಕಿರಣವನ್ನು ಮೆಲನಿನ್ ಕಡಿಮೆ ಹೀರುವುದರಿಂದ, ಕಂದು ಮೈಯವರ ರೋಮಕ್ಕೆ ತಜ್ಞರು ಹೆಚ್ಚಾಗಿ ಅದನ್ನೇ ಬಳಸುತ್ತಾರೆ, ಚರ್ಮವನ್ನು ತಂಪಾಗಿಡುತ್ತಾರೆ. ಮೊದಲು ಅಂಗೈಗಿಂತ ಚಿಕ್ಕ ಜಾಗದಲ್ಲಿ ಪರೀಕ್ಷಿಸಿ, ಕೆಲವು ದಿನ ಕಾದು ನೋಡುತ್ತಾರೆ. ಹೋದೊಡನೆಯೇ ಮುಖಕ್ಕೆಲ್ಲ ಬೆಳಕು ಹಾಯಿಸಲು ಸಿದ್ಧವಾಗುವ ಸೌಂದರ್ಯಗೃಹದಿಂದ ಹಿಂದಿರುಗುವುದೇ ಲೇಸು.